ಮನೆ ಕೆಲಸ, ನಿಮ್ಮ ಪ್ರಶ್ನೆ: ಸ್ಪ್ರೇ ಮಾಡಿದ ಮೇಲೂ ರೋಲರ್ ಯಾಕೆ?

ಈ ಸಲದ ಚೀಲದಲ್ಲಿ ನಾಲ್ಕು ಪತ್ರ ಒಂದೇ ವಿಷಯದ ಸುತ್ತ ಬಂದಿವೆ: ಜಿಪ್ಸಂ ಹಲಗೆಯ ಗೋಡೆ, ಅದಕ್ಕೆ ಮೊದಲ ಕೋಟು, ಅಂದರೆ ಪ್ರೈಮರ್. ಮೂರು ಅಮೆರಿಕದಿಂದ, ಒಂದು ಬೆಂಗಳೂರಿನಿಂದ. ಮೊದಲನೆಯದಕ್ಕೆ ಉದ್ದ ಉತ್ತರ ಬೇಕಿತ್ತು, ಅದಕ್ಕೇ ಜಾಗ ಜಾಸ್ತಿ ಹೋಗಿದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಬೇಸ್‌ಮೆಂಟ್ ಇಷ್ಟು ವರ್ಷ ಹಳೇ ಸೂಟ್‌ಕೇಸು, ಊರಿಂದ ತಂದ ಪಾತ್ರೆ ಇಡುವ ಜಾಗ ಆಗಿತ್ತು. ಈಗ ಪರ್ಮಿಟ್ ತಗೊಂಡು ಫ್ರೇಮ್ ಹಾಕಿಸಿ, ಡ್ರೈವಾಲ್ (ಜಿಪ್ಸಂ ಹಲಗೆ) ಕೂರಿಸಿ, ಸಂದುಗಳಿಗೆ ಟೇಪು, ಮಡ್ಡು (ಸಂದು ಮುಚ್ಚುವ ಪೇಸ್ಟು) ಎಲ್ಲ ಮಾಡಿಸಿದ್ದೇವೆ. ನೆಲ ಸುಮಾರು 1,200 ಚದರ ಅಡಿ. ಬಣ್ಣ ನಾನೇ ಹೊಡೆಯೋಣ ಅಂತ. ಏರ್‌ಲೆಸ್ ಸ್ಪ್ರೇಯರ್, ಅಂದರೆ ಪಂಪಿನ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಮಶೀನು, ಬಾಡಿಗೆಗೆ ತಂದರೆ ಪ್ರೈಮರ್ ಒಂದೇ ದಿನದಲ್ಲಿ ಮುಗಿಯುತ್ತದಂತೆ. ನಮ್ಮ ಭಾವ ಹೇಳೋದು, ಸ್ಪ್ರೇ ಮಾಡಿದರೂ ಹಿಂದೆಯೇ ರೋಲರ್ ಎಳೆಯಲೇಬೇಕು ಅಂತ. ಹಾಗಾದರೆ ಮಶೀನು ಯಾಕೆ? ಅಂಗಡಿಯವನು ಇನ್ನೊಂದು ಹೇಳಿದ, ಪೇಂಟು ಪ್ರೈಮರ್ ಎರಡೂ ಒಂದೇ ಡಬ್ಬದಲ್ಲಿದೆ, ಬೇರೆ ಪ್ರೈಮರ್ ದಂಡ ಅಂತ. ಯಾರ ಮಾತು ಕೇಳಲಿ? (ಹೆಸರು ಬೇಡ, ನ್ಯೂಜೆರ್ಸಿ)

ಉತ್ತರ: ಭಾವನ ಮಾತು ಕೇಳಿ. ಅಂಗಡಿಯವನ ಮಾತು ಬಿಡಿ.

ನಿಮ್ಮ ಗೋಡೆ ನೋಡೋಕೆ ಒಂದು, ಆದರೆ ಬಣ್ಣದ ಲೆಕ್ಕಕ್ಕೆ ಅದು ಎರಡು ಗೋಡೆ. ಹಲಗೆಯ ಮೇಲಿರುವುದು ಕಾಗದ. ಸಂದಿನ ಮೇಲೆ, ಸ್ಕ್ರೂ ತಲೆಯ ಮೇಲೆ ಇರುವುದು ಮಡ್ಡು. ಕಾಗದ ಒಂದು ರೀತಿ ಹೀರುತ್ತದೆ. ಉಜ್ಜಿದ ಮಡ್ಡು ಹೊಸ ಮಡಕೆ ನೀರು ಕುಡಿದ ಹಾಗೆ ಕುಡಿಯುತ್ತದೆ. ನೇರವಾಗಿ ಬಣ್ಣ ಹೊಡೆದರೆ ಒಣಗಿದ ಮೇಲೆ ಪ್ರತಿ ಸಂದಿನಲ್ಲೂ ಒಂದು ಪಟ್ಟಿ, ಪ್ರತಿ ಸ್ಕ್ರೂಗೂ ಒಂದು ಬೊಟ್ಟು, ಕೆಲವು ಕಡೆ ಮಂಕು, ಕೆಲವು ಕಡೆ ಹೊಳಪು. ಇದನ್ನು ತಡೆಯುವುದಕ್ಕೇ ಪಿವಿಎ (ಪಾಲಿವಿನೈಲ್ ಅಸಿಟೇಟ್, ಬಿಳಿ ಅಂಟಿನ ಜಾತಿ) ಪ್ರೈಮರ್ ಇರೋದು. ಅಗ್ಗದ ಮಾಲು, ಕೆಲಸವೂ ಒಂದೇ: ಎರಡೂ ಕಡೆಯ ಬಾಯಾರಿಕೆ ಸಮ ಮಾಡೋದು. ಎರಡೂ ಒಂದೇ ಡಬ್ಬದಲ್ಲಿದೆ ಅನ್ನುವ ಪೇಂಟು ಹಳೇ ಬಣ್ಣದ ಗೋಡೆಗೆ ಸರಿ. ಬಣ್ಣ ಕಾಣದ ಹೊಸ ಡ್ರೈವಾಲ್‌ಗೆ ಹಾಕಿದರೆ ದುಬಾರಿ ಬಣ್ಣವನ್ನು ಗೋಡೆಗೆ ಕುಡಿಸಿದ ಹಾಗೆ, ಅಷ್ಟೇ. ಬೇಸ್‌ಮೆಂಟಿನಲ್ಲಿ ಸ್ನಾನದ ಮನೆ ಇದ್ದರೆ ಅಲ್ಲಿಗೆ ಮಾತ್ರ ಪಿವಿಎ ಬೇಡ, ಒಳ್ಳೆಯ ಅಕ್ರಿಲಿಕ್ ಪ್ರೈಮರ್ ತನ್ನಿ. ಆವಿ ಇರುವ ಕಡೆ ಪಿವಿಎ ನೆಚ್ಚಿಕೊಳ್ಳಬಾರದು.

ಈಗ ರೋಲರ್ ವಿಷಯ. ಮಶೀನು ಮಾಡೋದು ಸಾಗಣೆ ಕೆಲಸ. ಬಕೆಟ್ಟಿನಲ್ಲಿರುವ ಪ್ರೈಮರ್ ಅನ್ನು ಬೇಗ ಬೇಗ ಗೋಡೆಗೆ ತಲುಪಿಸುತ್ತದೆ. ಆದರೆ ಅದು ಹನಿಹನಿಯಾಗಿ ಮೇಲೆ ಕೂರುತ್ತದೆ. ಎಷ್ಟು ಒರೆಸಿದರೂ ಉಜ್ಜಿದ ಪುಡಿ ಒಂದಿಷ್ಟು ಉಳಿದೇ ಇರುತ್ತದೆ, ಹನಿ ಆ ಪುಡಿಯ ಮೇಲೆ ನಿಂತುಬಿಡುತ್ತದೆ. ರೋಲರ್ ಎಳೆದಾಗ ಪ್ರೈಮರ್ ಒಳಕ್ಕೆ ಒತ್ತಿಕೊಂಡು ಹೋಗುತ್ತದೆ, ಮಡ್ಡಿನ ಸಣ್ಣ ತೂತು ಮುಚ್ಚುತ್ತದೆ, ಸ್ಪ್ರೇ ತಪ್ಪಿದ ಜಾಗ ಸಿಗುತ್ತದೆ. ಇನ್ನೊಂದು ಲಾಭ ತಡವಾಗಿ ಗೊತ್ತಾಗುತ್ತದೆ. ರೋಲರ್ ಗೋಡೆಯ ಮೇಲೆ ಸಣ್ಣ ಸಣ್ಣ ಹರಳಿನಂಥ ಮೇಲ್ಮೈ ಬಿಡುತ್ತದೆ. ಮುಂದೆ ಮಕ್ಕಳು ಕ್ರಿಕೆಟ್ ಬ್ಯಾಟ್ ತಾಗಿಸಿ ಗೀರು ಮಾಡಿದಾಗ ಸಣ್ಣ ರೋಲರ್‌ನಲ್ಲಿ ತೇಪೆ ಹಾಕಿದರೆ ಅದು ಕಾಣುವುದಿಲ್ಲ. ಬರೀ ಸ್ಪ್ರೇ ಮಾಡಿದ ಗೋಡೆ ಗಾಜಿನಂತೆ ನುಣುಪು, ಅದರ ಮೇಲೆ ತೇಪೆ ಎದ್ದು ಕಾಣುತ್ತದೆ.

ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ಒಹಾಯೊದಲ್ಲಿದ್ದಾಗ ನಮ್ಮ ಬೇಸ್‌ಮೆಂಟಿನ ಮೊದಲ ಕೋಣೆಗೆ ಬರೀ ಸ್ಪ್ರೇ ಮಾಡಿ, ಆಹಾ ಎಷ್ಟು ಚೆಂದ ಅಂತ ಕೈ ತೊಳೆದುಕೊಂಡೆ. ರಾತ್ರಿ ಟೇಬಲ್ ಲ್ಯಾಂಪ್ ಹಚ್ಚಿದರೆ ಎಂಟು ಅಡಿ ಉದ್ದದ ಸಂದುಗಳು ಎಣಿಸುವಷ್ಟು ಸ್ಪಷ್ಟ. ಉಳಿದ ಕೋಣೆಗೆಲ್ಲ ನನ್ನ ಹೆಂಡತಿ ಹಿಂದೆ ರೋಲರ್ ಹಿಡಿದು ಬಂದಳು, ಅವು ಇವತ್ತಿಗೂ ಚೆನ್ನಾಗಿವೆ. ಯಾವ ಕೋಣೆ ಯಾರು ಮಾಡಿದ್ದು ಅಂತ ಬಂದವರಿಗೆಲ್ಲ ಅವಳು ಹೇಳುತ್ತಾಳೆ.

ಹಾಗಾದರೆ ಮಶೀನು ಯಾಕೆ ಅಂದಿರಿ. ಲೆಕ್ಕ ಹಾಕೋಣ. 30ಕ್ಕೆ 40 ಅಡಿ ಜಾಗ ಅಂದರೆ ಸುತ್ತಳತೆ 140 ಅಡಿ, ಎಂಟು ಅಡಿ ಎತ್ತರಕ್ಕೆ 1,120 ಚದರ ಅಡಿ ಗೋಡೆ. ಮೇಲಿನ ಸೀಲಿಂಗ್ 1,200. ನಡುವಿನ ಗೋಡೆಗಳು ಎರಡೂ ಕಡೆ ಸೇರಿ ಇನ್ನೊಂದು ಐದಾರು ನೂರು. ಹತ್ತಿರ ಹತ್ತಿರ 2,900. ಬಣ್ಣ ಕಾಣದ ಹಲಗೆಗೆ ಒಂದು ಗ್ಯಾಲನ್ 300 ಚದರ ಅಡಿ ಬಂದರೆ ಸಂತೋಷ, ಸ್ಪ್ರೇಯಲ್ಲಿ ಒಂದಿಷ್ಟು ಗಾಳಿಗೆ ಹೋಗುತ್ತದೆ. ಐದು ಗ್ಯಾಲನ್ನಿನ ಎರಡು ಬಕೆಟ್, ಕೈಯಲ್ಲಿರಲಿ ಅಂತ ಇನ್ನೆರಡು ಗ್ಯಾಲನ್. ಇಷ್ಟನ್ನು ಟ್ರೇಯಲ್ಲಿ ಅದ್ದಿ ಅದ್ದಿ, ಕತ್ತು ಮೇಲೆತ್ತಿ ಸೀಲಿಂಗಿಗೆ ಎಳೆದರೆ ಭುಜ ಎರಡು ದಿನ ಮಾತಾಡುವುದಿಲ್ಲ. ಮಶೀನಿದ್ದರೆ ಒಬ್ಬರು ಸಿಂಪಡಿಸುತ್ತಾ ಮುಂದೆ, ಇನ್ನೊಬ್ಬರು ರೋಲರ್ ಹಿಡಿದು ಹಿಂದೆ. ರೋಲರ್ ಮತ್ತೆ ಮತ್ತೆ ಅದ್ದುವ ಕೆಲಸವೇ ಇಲ್ಲ, ಶುರುವಿಗೆ ಒಮ್ಮೆ ಪ್ರೈಮರ್‌ನಲ್ಲಿ ಒದ್ದೆ ಮಾಡಿಕೊಂಡರೆ ಸಾಕು, ಆಮೇಲೆ ಗೋಡೆಯ ಮೇಲಿರೋದನ್ನೇ ಹರಡುತ್ತಾ ಹೋಗುತ್ತದೆ. ಅರ್ಧ ಇಂಚು ಜೂಲಿನ 18 ಇಂಚಿನ ರೋಲರ್, ಉದ್ದ ಕೋಲು. ಭಾವನನ್ನೇ ಕರೆಯಿರಿ, ಅವರೇ ತಾನೇ ಹೇಳಿದ್ದು.

ಖಾಲಿ ಜಾಗ, ನೆಲ ಹಾಕಿಲ್ಲ, ಬಾಗಿಲಿನ ಪಟ್ಟಿ ಹೊಡೆದಿಲ್ಲ ಅಂದರೆ ಸ್ಪ್ರೇಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಾರ್ಪೆಟ್ ಬಂದ ಮೇಲೆ ಮುಚ್ಚೋದಕ್ಕೇ ಒಂದು ದಿನ ಬೇಕು.

ಶುರು ಮಾಡುವ ಮುಂಚಿನ ದಿನ ಪುಡಿ ತೆಗೆಯಿರಿ. ಬ್ರಷ್ ಇರುವ ವ್ಯಾಕ್ಯೂಮ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ. ಕಪ್ಪು ಬಟ್ಟೆಯಲ್ಲಿ ಒಂದು ಸಲ ಒರೆಸಿ ನೋಡಿ, ಬಿಳಿ ಬಂದರೆ ಇನ್ನೊಂದು ಸುತ್ತು. ಹಾಗೆಯೇ ಕೈದೀಪವನ್ನು ಗೋಡೆಗೆ ಒತ್ತಿ, ಓರೆಯಾಗಿ ಬೆಳಕು ಬಿಡಿ. ಉಬ್ಬು, ತಗ್ಗು, ಸ್ಯಾಂಡ್ ಪೇಪರ್ ಗೀರು ಎಲ್ಲ ಕಾಣುತ್ತದೆ. ಪ್ರೈಮರ್ ಇವನ್ನು ಮುಚ್ಚುತ್ತದೆ ಅಂತ ನಂಬಬೇಡಿ, ಅದು ಚಾಡಿ ಹೇಳುವ ಜಾತಿ, ಎಲ್ಲ ಎತ್ತಿ ತೋರಿಸುತ್ತದೆ.

ಕಿಟಕಿ, ಪ್ಲಗ್ ಪೆಟ್ಟಿಗೆ, ನೀರು ಕಾಯಿಸುವ ಟ್ಯಾಂಕು, ಮನೆ ಬೆಚ್ಚಗಿಡುವ ಫರ್ನೇಸು ಎಲ್ಲ ಮುಚ್ಚಿ. ಮುಚ್ಚುವ ಮುಂಚೆ ಫರ್ನೇಸ್ ಆರಿಸಿ, ನೀರಿನ ಟ್ಯಾಂಕು ಗ್ಯಾಸಿನಲ್ಲಿ ಕಾಯುವುದಾದರೆ ಅದರ ಉರಿಯನ್ನೂ ಆರಿಸಿ, ಗಾಳಿ ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಅಂಟಿಸಿ. ಇಲ್ಲದಿದ್ದರೆ ಆ ಮಂಜು ಯಂತ್ರದೊಳಗೆ ಹೋಗುತ್ತದೆ, ಮೇಲಿನ ಮಹಡಿಗೂ ಹರಡುತ್ತದೆ. ಕೆಲಸ ಮುಗಿದು ಗಾಳಿ ತಿಳಿಯಾದ ಮೇಲೆ ಪ್ಲಾಸ್ಟಿಕ್ ಎಲ್ಲ ತೆಗೆದೇ ಫರ್ನೇಸು, ಟ್ಯಾಂಕಿನ ಉರಿ ಮತ್ತೆ ಹಚ್ಚಿ. ಮೆಟ್ಟಿಲ ಬಾಯಿಗೂ ಒಂದು ಪರದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಉಜ್ಜುವಾಗಲೂ ಸ್ಪ್ರೇ ಮಾಡುವಾಗಲೂ ಎನ್95 ಅಥವಾ ಅದಕ್ಕಿಂತ ಮೇಲಿನದು, ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ. ಜಾಗ 50 ಡಿಗ್ರಿ ಫ್ಯಾರನ್‌ಹೀಟಿಗಿಂತ ತಣ್ಣಗಿದ್ದರೆ ಆ ದಿನ ಬೇಡ.

ಬಾಡಿಗೆ ಮಶೀನು ತಂದ ಕೂಡಲೇ ನೀರು ಹಾಯಿಸಿ. ಹಿಂದಿನವರ ಬಣ್ಣ ಪೈಪಿನಲ್ಲಿ ಕೂತಿರುತ್ತದೆ. ಹೊಸ ಮಶೀನಾದರೂ ಒಳಗೆ ಕಾಪಾಡುವ ದ್ರವ ಇರುತ್ತದೆ, ತೊಳೆಯಲೇಬೇಕು. ಟಿಪ್ಪು, ಅಂದರೆ ಬಣ್ಣ ಹೊರಬರುವ ಗನ್ನಿನ ಮೂತಿ, ಅದನ್ನು ಮಾತ್ರ ಸ್ವಂತ ದುಡ್ಡಿನಲ್ಲಿ ಹೊಸದು ಕೊಳ್ಳಿ. ಸವೆದ ಟಿಪ್ಪಿನಲ್ಲಿ ಬೀಸಣಿಗೆಯಂತೆ ಹರಡುವ ಸಿಂಪಡಿಕೆ ಕಿರಿದಾಗಿ ಮಾಲು ಜಾಸ್ತಿ ಸುರಿಯುತ್ತದೆ. ಅದರ ಮೇಲಿನ ಮೂರು ಅಂಕೆ ಓದೋದು ಸುಲಭ. 517 ಅಂದರೆ, ಮೊದಲ ಅಂಕೆಯ ಎರಡರಷ್ಟು, ಅಂದರೆ ಒಂದು ಅಡಿ ದೂರದಿಂದ 10 ಇಂಚು ಅಗಲದ ಬೀಸಣಿಗೆ. ಉಳಿದ 17 ಅಂದರೆ ತೂತು ಇಂಚಿನ ಸಾವಿರದಲ್ಲಿ 17 ಭಾಗ. ಈ ಪ್ರೈಮರ್‌ಗೆ 515 ಅಥವಾ 517 ಸಾಕು. ಮನೆ ಬಳಕೆಯ ಸಣ್ಣ ಮಶೀನುಗಳು ಕೆಲವು 15ಕ್ಕಿಂತ ದೊಡ್ಡ ತೂತನ್ನು ತಳ್ಳಲಾರವು, ಮಶೀನಿನ ಮೇಲೆ ಬರೆದಿರುತ್ತದೆ ನೋಡಿ. ಬಕೆಟ್ಟಿನ ಪ್ರೈಮರ್ ಅನ್ನು ನೈಲಾನ್ ಚೀಲದಲ್ಲಿ ಸೋಸಿ. ನೀರು ಬೆರೆಸಬೇಡಿ, ಏರ್‌ಲೆಸ್ಸಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೊದಲ ದೋಸೆ ಹೇಗೂ ಕೆಡುತ್ತದೆ ಅಲ್ವಾ, ಅದು ರಟ್ಟಿನ ಮೇಲೆ ಕೆಡಲಿ. ಒತ್ತಡ ಕಡಿಮೆ ಇಟ್ಟು ಶುರು ಮಾಡಿ. ಬೀಸಣಿಗೆಯ ಎರಡು ಅಂಚಲ್ಲಿ ಬಾಲದಂಥ ಗೆರೆ ಕಾಣುತ್ತದೆ. ಅದು ಮಾಯವಾಗುವವರೆಗೆ ಮಾತ್ರ ಒತ್ತಡ ಏರಿಸಿ, ಅಲ್ಲಿಗೇ ನಿಲ್ಲಿಸಿ. ಜಾಸ್ತಿ ಮಾಡಿದರೆ ಬರೀ ಮಂಜು. ಗನ್ನು ಗೋಡೆಯಿಂದ ಒಂದು ಅಡಿ, ಗೋಡೆಗೆ ನೇರವಾಗಿರಲಿ. ಮಣಿಕಟ್ಟು ತಿರುಗಿಸಿ ಬೀಸಬೇಡಿ, ತೋಳನ್ನೇ ಗೋಡೆಯ ಉದ್ದಕ್ಕೂ ಸಾಗಿಸಿ. ಕೈ ಚಲಿಸೋಕೆ ಶುರುವಾದ ಮೇಲೆ ಟ್ರಿಗರ್ ಒತ್ತಿ, ನಿಲ್ಲುವ ಮುಂಚೆ ಬಿಡಿ. ಪ್ರತಿ ಸಾಲೂ ಹಿಂದಿನದರ ಅರ್ಧ ಮುಚ್ಚಬೇಕು. ಮೊದಲು ಸೀಲಿಂಗ್, ಆಮೇಲೆ ಗೋಡೆ. ಒಂದು ಹಲಗೆ, ಒಂದೂವರೆ ಹಲಗೆಯಷ್ಟು ಸಿಂಪಡಿಸಿ ಕಾಯಿರಿ, ಭಾವ ಎಳೆದು ಮುಗಿಸಲಿ. ಅವರು ಹಿಂದೆ ಬಿದ್ದರೆ ಅರ್ಧ ಒಣಗಿದ್ದರ ಮೇಲೆ ರೋಲರ್ ಹೋಗಿ ಗೋಡೆ ಕಿತ್ತ ಹಾಗಾಗುತ್ತದೆ.

ಇದೊಂದು ಮಾತು ಮಾತ್ರ ಎರಡು ಸಲ ಓದಿ. ಈ ಮಶೀನು ಹೋಳಿಯ ಪಿಚಕಾರಿ ಅಲ್ಲ. ಕಾರಿನ ಚಕ್ರದಲ್ಲಿ ಮೂವತ್ತು ಚಿಲ್ಲರೆ ಪಿಎಸ್‌ಐ ಒತ್ತಡ ಇದ್ದರೆ ಇದರಲ್ಲಿ ಎರಡರಿಂದ ಮೂರು ಸಾವಿರ. ಟಿಪ್ಪಿನ ಎದುರು ಬೆರಳು ಬಂದರೆ ಪ್ರೈಮರ್ ಚರ್ಮದೊಳಗೆ ಹೊಕ್ಕುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಮೊದಲು ನೋವೂ ಇರದೆ ಇರಬಹುದು, ಆದರೆ ಒಳಗೆ ಬೆರಳೇ ಹೋಗುವಷ್ಟು ಹಾನಿ. ತೊಳೆದು ಬ್ಯಾಂಡೇಜ್ ಹಾಕಿಕೊಂಡು ಕೂರಬೇಡಿ. ತಕ್ಷಣ ಎಮರ್ಜೆನ್ಸಿಗೆ ಹೋಗಿ, ಏರ್‌ಲೆಸ್ ಸ್ಪ್ರೇಯಿಂದ ಬಣ್ಣ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ, ಡಬ್ಬದ ಲೇಬಲ್ ಜೊತೆಗೆ ಒಯ್ಯಿರಿ. ಟಿಪ್ಪು ಕಟ್ಟಿಕೊಂಡರೆ ಅದನ್ನು 180 ಡಿಗ್ರಿ ತಿರುಗಿಸಿ ರಟ್ಟಿಗೆ ಹೊಡೆದರೆ ಕಸ ಹೊರಗೆ ಬರುತ್ತದೆ. ಟಿಪ್ಪನ್ನು ಬಿಚ್ಚಲೇಬೇಕಾಗಿ ಬಂದರೆ ಮೊದಲು ಮಶೀನು ಆರಿಸಿ, ಒತ್ತಡ ಪೂರ್ತಿ ಇಳಿಸಿ, ಟ್ರಿಗರ್‌ಗೆ ಲಾಕ್ ಹಾಕಿ. ಮಕ್ಕಳು ಆ ದಿನ ಮೇಲೆಯೇ ಇರಲಿ.

ಮುಗಿದ ಮೇಲೆ ಪೈಪಿನಲ್ಲಿರೋದನ್ನು ಬಕೆಟ್ಟಿಗೇ ವಾಪಸ್ ತಳ್ಳಿ. ಕಾಲು ಇಂಚಿನ 50 ಅಡಿ ಪೈಪಿನಲ್ಲಿ ಹತ್ತಿರ ಹತ್ತಿರ ಅರ್ಧ ಲೀಟರ್ ನಿಂತಿರುತ್ತದೆ.

ಪ್ರಶ್ನೆ: ಮಿಶಿಗನ್‌ನಲ್ಲಿ ಹೊಸ ಮನೆ. ಪ್ರೈಮರ್ ಸ್ಪ್ರೇ ಮಾಡಿ ಮುಗಿಸಿದ್ದೇವೆ. ಈಗ ಸಂದುಗಳೆಲ್ಲ ಪಟ್ಟಿ ಪಟ್ಟಿಯಾಗಿ ಕಾಣುತ್ತಿವೆ, ಕೆಲವು ಕಡೆ ಗೋಡೆ ಮೇಲೆ ಗಡ್ಡ ಬೆಳೆದ ಹಾಗೆ ತರಿತರಿ. ಕೆಲಸ ಮಾಡಿದವರು ಫೋನ್ ಎತ್ತುತ್ತಿಲ್ಲ. ನನ್ನ ಗಂಡ ಬಣ್ಣ ಹೊಡೆದರೆ ಸರಿಹೋಗುತ್ತದೆ ಅನ್ನುತ್ತಾರೆ. ಹೋಗುತ್ತದಾ? (ಓದುಗಿ, ಮಿಶಿಗನ್)

ಉತ್ತರ: ಅರ್ಧ ಹೋಗುತ್ತದೆ. ಯಾವ ಅರ್ಧ ಅಂತ ನೀವೇ ಕಂಡುಹಿಡಿಯಬಹುದು. ಕಣ್ಣು ಮುಚ್ಚಿಕೊಂಡು ಪಟ್ಟಿಯ ಮೇಲೆ ಅಡ್ಡಲಾಗಿ ಅಂಗೈ ಸವರಿ, ಅಮ್ಮ ರೊಟ್ಟಿ ಹಿಟ್ಟಿನ ಹದ ನೋಡುವ ಹಾಗೆ. ಕೈಗೆ ಏನೂ ತಗಲದಿದ್ದರೆ ಅದು ಬರೀ ಹೀರುವಿಕೆಯ ವ್ಯತ್ಯಾಸ, ಮಂಕು ಮತ್ತು ಹೊಳಪು. ಇನ್ನೊಂದು ಕೋಟು ಪ್ರೈಮರ್ ಹಾಕಿ, ಈ ಸಲ ರೋಲರ್‌ನಲ್ಲಿ. ಹೋಗುತ್ತದೆ.

ಕೈಗೆ ದಿಣ್ಣೆ ತಗುಲಿದರೆ ಅದು ಮಡ್ಡಿನ ಕೆಲಸ ಸರಿಯಾಗಿಲ್ಲ ಅಂತ. ಎಷ್ಟು ಕೋಟು ಬಣ್ಣ ಹಾಕಿದರೂ ದಿಣ್ಣೆ ದಿಣ್ಣೆಯೇ. ಪ್ರೈಮರ್ ಮೇಲೆಯೇ ಮಡ್ಡು ಎಳೆಯಬಹುದು, ಹಿಡಿಯುತ್ತದೆ. ಮಡ್ಡು ಎಳೆಯುವ 12 ಇಂಚು ಅಗಲದ ಚಾಕುವಿನಲ್ಲಿ ಸಂದಿನ ಎರಡೂ ಕಡೆಗೆ ಅಗಲವಾಗಿ, ತೆಳ್ಳಗೆ ಎಳೆದು, ಒಣಗಿಸಿ, ಉಜ್ಜಿ, ಆ ಜಾಗಕ್ಕೆ ಮತ್ತೆ ಪ್ರೈಮರ್. ಬೇಸರದ ಕೆಲಸ. ಆದರೆ ಬಣ್ಣ ಹೊಡೆದ ಮೇಲೆ ಇದನ್ನೇ ಮಾಡೋದು ಇನ್ನೂ ಬೇಸರ.

ಗಡ್ಡ ಅಂದಿರಲ್ಲ, ಅದು ಜಾಸ್ತಿ ಉಜ್ಜಿ ಕಾಗದದ ನಾರು ಎದ್ದಿರೋದು. ಪ್ರೈಮರ್‌ನ ನೀರು ತಾಗಿ ನೆಟ್ಟಗಾಗಿದೆ. ಪೂರ್ತಿ ಒಣಗಿದ ಮೇಲೆ 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಒಂದು ಸಲ ಉಜ್ಜಿದರೆ ಉದುರುತ್ತದೆ. ಎಲ್ಲಾದರೂ ಕಂದು ಬಣ್ಣದ ಒಳಕಾಗದ ಕಾಣುವಷ್ಟು ಹರಿದಿದ್ದರೆ ಅಲ್ಲಿಗೆ ಮಡ್ಡು ನೇರ ಹಾಕಬೇಡಿ, ಗುಳ್ಳೆ ಏಳುತ್ತದೆ. ಹರಿದ ಕಾಗದಕ್ಕೆಂದೇ ಸಿಗುವ ಸೀಲರ್ ಹಚ್ಚಿ, ಆಮೇಲೆ ಮಡ್ಡು.

ಇನ್ನು ಕೆಲಸದವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಕರಾರು ತೆಗೆದು ನೋಡಿ. ಅಮೆರಿಕದಲ್ಲಿ ಡ್ರೈವಾಲ್ ಕೆಲಸಕ್ಕೆ 0ಯಿಂದ 5ರವರೆಗೆ ದರ್ಜೆ ಇದೆ. ಮನೆಗಳಿಗೆ ಸಾಮಾನ್ಯವಾಗಿ 4 ಅಂತ ಬರೆದಿರುತ್ತಾರೆ. ಅಂದರೆ ಸಂದು, ಸ್ಕ್ರೂ ಮಾತ್ರ ಮುಚ್ಚಿ ನುಣುಪು ಮಾಡೋದು. ಇಡೀ ಗೋಡೆಗೆ ತೆಳು ಪದರ ಎಳೆಯೋದು 5. ದೊಡ್ಡ ಕಿಟಕಿಯಿಂದ ಓರೆ ಬಿಸಿಲು ಬೀಳುವ ಗೋಡೆ, ಹೊಳಪಿನ ಬಣ್ಣ, ಗಾಢ ಬಣ್ಣ, ಇವಕ್ಕೆ 5 ಬೇಕು. ನೀವು 4ಕ್ಕೆ ದುಡ್ಡು ಕೊಟ್ಟಿದ್ದರೆ ಹೊಳಪಿಲ್ಲದ ಫ್ಲ್ಯಾಟ್ ಬಣ್ಣ ತನ್ನಿ, ಅರ್ಧ ದೋಷ ಅದೇ ನುಂಗುತ್ತದೆ. ದಿಣ್ಣೆ ಮಾತ್ರ 4ರಲ್ಲೂ ಇರಬಾರದು, ಅದಕ್ಕೆ ನೀವು ಜಗಳ ಆಡಬಹುದು.

ಪ್ರಶ್ನೆ: ನಮ್ಮ ಫ್ಲ್ಯಾಟಿನಲ್ಲಿ ಹಾಲ್‌ಗೆ ಜಿಪ್ಸಂ ಫಾಲ್ಸ್ ಸೀಲಿಂಗ್, ಒಂದು ಪಾರ್ಟಿಷನ್ ಮಾಡಿಸಿದೆವು. ಪೇಂಟರ್ ನೇರವಾಗಿ ಎರಡು ಕೋಟು ಪುಟ್ಟಿ ಹೊಡೆದು ಬಣ್ಣ ಅನ್ನುತ್ತಾರೆ. ಇನ್ನೊಬ್ಬರು ಮಶೀನಿನಲ್ಲಿ ಸ್ಪ್ರೇ ಮಾಡ್ತೀವಿ ಸಾರ್, ಎರಡು ಗಂಟೆ ಕೆಲಸ ಅಂದರು. ಸೋಫಾ, ಟಿವಿ ಎಲ್ಲ ಮನೆಯಲ್ಲೇ ಇದೆ. (ಓದುಗರು, ಬೆಂಗಳೂರು)

ಉತ್ತರ: ಎರಡು ಗಂಟೆ ಸ್ಪ್ರೇ, ಎರಡು ದಿನ ಸೋಫಾ ಒರೆಸೋದು. ಸಾಮಾನು ತುಂಬಿದ ಮನೆಯಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಮಶೀನು ಬೇಡ ಸಾರ್. ರೋಲರ್ ಸಾಕು.

ಪುಟ್ಟಿಯಲ್ಲೂ ಎರಡು ಜಾತಿ. ನಮ್ಮ ಪೇಂಟರುಗಳ ಕೈಗೆ ಹತ್ತಿದ್ದು ಬಿಳಿ ಸಿಮೆಂಟಿನ ಪುಡಿ ಪುಟ್ಟಿ. ಅದು ಸಿಮೆಂಟ್ ಗಾರೆಯ ಗೋಡೆಗೆ ಅಂತ ಮಾಡಿದ್ದು. ನಿಮ್ಮ ಸೀಲಿಂಗಿನ ಮೇಲಿರುವುದು ಕಾಗದ. ಸಂದಿಗೆ ಟೇಪು, ಬೋರ್ಡಿನ ಕಂಪನಿಯವರದೇ ಜಾಯಿಂಟಿಂಗ್ ಕಾಂಪೌಂಡು ಹಾಕಿದ್ದಾರಾ ಅಂತ ಮೊದಲು ಕೇಳಿ. ಎಷ್ಟೋ ಕಡೆ ಟೇಪೇ ಇಲ್ಲದೆ ಬರೀ ಪುಟ್ಟಿ ತುರುಕಿ ಹೋಗಿರುತ್ತಾರೆ, ಆರು ತಿಂಗಳಿಗೆ ಸಂದಿನ ಉದ್ದಕ್ಕೂ ಕೂದಲೆಳೆ ಬಿರುಕು. ಅದು ಸರಿ ಇದ್ದರೆ ಪುಡಿ ಒರೆಸಿ ಒಂದು ಕೋಟು ವಾಟರ್ ಪ್ರೈಮರ್. ತೀರಾ ನುಣುಪು ಬೇಕು ಅಂದರೆ ಅದರ ಮೇಲೆ ಅಕ್ರಿಲಿಕ್ ಪುಟ್ಟಿ, ಉಜ್ಜಿ, ಮತ್ತೆ ಪ್ರೈಮರ್. ಪುಟ್ಟಿ ಮೇಲಿನ ಪ್ರೈಮರ್ ತಪ್ಪಿಸಿದರೆ ನ್ಯೂಜೆರ್ಸಿಯವರಿಗೆ ಹೇಳಿದ್ದೇ ಕಥೆ ಇಲ್ಲೂ.

ಇನ್ನೊಂದು, ಪ್ರೈಮರ್‌ಗೆ ನೀರು ಬೆರೆಸುವಾಗ ಪಕ್ಕದಲ್ಲಿ ನಿಂತಿರಿ. ಡಬ್ಬದ ಮೇಲೆ ಎಷ್ಟು ಅಂತ ಬರೆದಿರುತ್ತದೆ. ಮಗ್ಗಿನ ಲೆಕ್ಕದಲ್ಲಿ ಸುರಿದರೆ ಅದು ಪ್ರೈಮರ್ ಅಲ್ಲ, ಮಜ್ಜಿಗೆ ನೀರು. ಪೇಂಟರ್ ಮುಖ ಸಿಂಡರಿಸಿದರೆ ಕಾಫಿ ಕೊಡಿ, ಆದರೆ ಅಲ್ಲೇ ನಿಂತಿರಿ.

ಪ್ರಶ್ನೆ: ಉಳಿದ ಪಿವಿಎ ಪ್ರೈಮರ್ ಮತ್ತು ಸ್ವಂತ ಸ್ಪ್ರೇಯರ್ ಎರಡೂ ಚಳಿಗಾಲವಿಡೀ ಗ್ಯಾರೇಜಿನಲ್ಲಿದ್ದವು. ಈಗ ಬಳಸಬಹುದಾ? (ಓದುಗರು, ಮಿನೆಸೋಟ)

ಉತ್ತರ: ನಿಮ್ಮ ಕಡೆಯ ಗ್ಯಾರೇಜು ಫ್ರೀಜರ್ ಇದ್ದ ಹಾಗೆ. ಮುಚ್ಚಳ ತೆಗೆದು ಕೋಲಿನಿಂದ ಕಲಕಿ. ಒಡೆದ ಹಾಲಿನಂತೆ ಗಂಟು ಗಂಟಾಗಿದ್ದು, ಎಷ್ಟು ಕಲಕಿದರೂ ಒಂದಾಗದಿದ್ದರೆ ಎಸೆಯಿರಿ. ಸೋಸಿ ಬಳಸೋಣ ಅನ್ನುವ ಆಸೆ ಬೇಡ, ಅಂಟುವ ಗುಣವೇ ಹೋಗಿರುತ್ತದೆ. ಮಶೀನಿನೊಳಗೆ ನೀರು ನಿಂತು ಹೆಪ್ಪುಗಟ್ಟಿದ್ದರೆ ಪಂಪು ಒಡೆದಿರಬಹುದು. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನ ಪೂರ್ತಿ ಬಿಟ್ಟು, ಆಮೇಲೆ ಬರೀ ನೀರಿನಲ್ಲಿ ಓಡಿಸಿ ನೋಡಿ. ಎಲ್ಲಾದರೂ ಸೋರಿದರೆ ಕೈಯಿಂದ ಮುಟ್ಟಿ ನೋಡಬೇಡಿ, ಆರಿಸಿ ಒತ್ತಡ ಇಳಿಸಿ ರಿಪೇರಿಗೆ ಒಯ್ಯಿರಿ. ಮುಂದಿನ ಸಲ ತೊಳೆದ ಮೇಲೆ ಪಂಪ್ ಕಾಪಾಡುವ ದ್ರವ ಹಾಯಿಸಿ ಒಳಗೆ ಇಡಿ, ನೀರು ಕಾಯಿಸುವ ಟ್ಯಾಂಕಿನ ಹತ್ತಿರ ಮಾತ್ರ ಬೇಡ.